ಮೂಸಿ ನದಿಯ ಮಹಾಪೂರವೂ ನಿರಾಶ್ರಿತರ ವಸತಿಯೂ

ಹೈದರಾಬಾದ ಸಂಸ್ಥಾನವು ಅಳಿದು, ಅದರ ಕನ್ನಡ ಜಿಲ್ಲೆಗಳಾದ ಬೀದರ, ಕಲಬುರಗಿ, ರಾಯಚೂರುಗಳು 1956ನೆಯ ಇಸವಿಯಲ್ಲಿ ಕನ್ನಡನಾಡಿನ ಒಡಲನ್ನು ಸೇರಿದುದು ಸರ್ವರಿಗೂ ವಿದಿತವಾದ ಸಂಗತಿಯೇ ಆಗಿದೆ. ಆ ಸಂಸ್ಥಾನದ ರಾಜಧಾನಿಯಲ್ಲಿ 1908ರಲ್ಲಿ ಸಂಭವಿಸಿದ ಜಲಪ್ರಳಯದ ವೃತ್ತಾಂತವು ಈ ಸೀಮೆಯ ಜನರಿಗೆ ಎರಡು ಕಾರಣಗಳಿಂದ ಸಂಬಂಧಪಟ್ಟುದಾಗಿದೆ. ಮುಳುಗಿದ ಆ ನಗರದ ಉದ್ಧಾರಕ್ಕೆ ಯೋಜನೆಯನ್ನು ಹಾಕಿಕೊಟ್ಟವರು ಕನ್ನಡನಾಡಿನ ಸುಪುತ್ರರಾದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು, ಇದು ಒಂದು. ಆ ಉದ್ಧಾರಕಾರ್ಯಕ್ಕೆ ತಗುಲಿದ ದ್ರವ್ಯವು ಸಂಸ್ಥಾನದ ಬೊಕ್ಕಸದಿಂದ ಬಂದುದಾದುದರಿಂದ, ಅದರಲ್ಲಿ ಕನ್ನಡ ಜಿಲ್ಲೆಗಳ ರೈತನು ತೆತ್ತ ಭೂಕಂದಾಯದ ಪಾಲೂ ಬೆರೆತಿತ್ತು, ಇದು ಇನ್ನೊಂದು. ಜಲಾಶಯಗಳ ಕಥೆಯನ್ನು ಅನೇಕರು ಬರೆದಿದ್ದಾರೆ, ಶಾಲೆಯ ಪುಸ್ತಕಗಳಲ್ಲಿಯೂ ಅದು ಬಂದಿದೆ. ಆದರೆ ಮನೆಯನ್ನು ಕಳೆದುಕೊಂಡ ಬಡವರು ತರುವಾಯ ಎಲ್ಲಿಗೆ ಹೋದರು, ಅವರಿಗೆ ನೆರಳನ್ನು ಕೊಟ್ಟವರು ಯಾರು, ಅದಕ್ಕೆ ಹಣವು ಎಲ್ಲಿಂದ ಒದಗಿತು ಎಂಬುದನ್ನು ವಿಚಾರಿಸಿದವರು ವಿರಳ. ಮಠದಲ್ಲಿ ನಿತ್ಯವೂ ಅನ್ನದಾಸೋಹವು ನಡೆಯುವುದನ್ನು ಕಣ್ಣಾರೆ ಕಂಡಿರುವ ಭಕ್ತರಿಗೆ, ಹಸಿದವನಿಗೆ ಉಣಬಡಿಸುವ ಕಾರ್ಯಕ್ಕೂ ಮನೆಗೆಟ್ಟವನಿಗೆ ಮನೆಯನ್ನು ಕಟ್ಟಿಕೊಡುವ ಕಾರ್ಯಕ್ಕೂ ಇರುವ ಅಂತರವು ಈ ಇತಿಹಾಸದಿಂದ ಚೆನ್ನಾಗಿ ತಿಳಿದುಬರುವುದು.

ಮೂಸಿಯು ವಿಕಾರಾಬಾದದ ಹತ್ತಿರ ಅನಂತಗಿರಿಯ ಗುಡ್ಡಗಳಲ್ಲಿ ಹುಟ್ಟಿ, ನಗರದ ಮೇಲ್ಗಡೆಯಲ್ಲಿ ಈಸಿ ಎಂಬ ಉಪನದಿಯನ್ನು ಕೂಡಿಕೊಂಡು, ಹೈದರಾಬಾದವನ್ನು ನಡುವೆ ಸೀಳಿ ಹರಿದು, ಬಹುದೂರ ಮುಂದೆ ಕೃಷ್ಣೆಯನ್ನು ಸೇರುವ ನದಿ. ರಾಯಚೂರು ಸೀಮೆಯನ್ನು ಮುಟ್ಟಿ ಹೋದ ಕೃಷ್ಣೆಯ ನೀರಿಗೆ ಕಡೆಯಲ್ಲಿ ಇದರ ನೀರೂ ಬೆರೆಯುವುದು. ಬೇಸಗೆಯಲ್ಲಿ ಅದು ಹಳ್ಳದಂತೆ ಇರುವುದು. ಬಂಡೆಗಳ ನಡುವೆ ಅಗಸರು ಬಟ್ಟೆಯನ್ನು ಒಗೆಯುವಷ್ಟೇ ನೀರು. ಹೀಗೆ ವರ್ಷದ ಬಹುಭಾಗದಲ್ಲಿ ಸಾಧುವಾಗಿ ತೋರುವ ನದಿಯ ದಡದಲ್ಲಿ ಮನುಷ್ಯನು ಭಯವನ್ನು ಬೇಗನೆ ಮರೆಯುತ್ತಾನೆ. ಮೇಲಾಗಿ ತಗ್ಗಿನ ಭೂಮಿಗೆ ಬೆಲೆ ಕಡಿಮೆ. ಕೂಲಿಯವರು, ಗಾಡಿ ಹೊಡೆಯುವವರು, ಅಗಸರು, ಸಣ್ಣ ಅಂಗಡಿಕಾರರು ಇವರ ಮಣ್ಣುಗೋಡೆಯ ಮನೆಗಳು ಪುರಾನಾಪುಲದಿಂದ ಚಾದರಘಾಟದವರೆಗೆ ಎರಡೂ ದಡಗಳಲ್ಲಿ ಒತ್ತೊತ್ತಾಗಿ ನಿಂತಿದ್ದವು. ಶ್ರೀಮಂತರ ಹವೇಲಿಗಳೂ ಅಲ್ಲಲ್ಲಿ ಇರಲಿಲ್ಲವೆಂದಲ್ಲ. ಆದರೆ ಕಲ್ಲುಗಾರೆಯ ಮಹಡಿಯು ನೀರಿಗೆ ಕೊಡುವ ಉತ್ತರವೇ ಬೇರೆ, ಹಸಿಮಣ್ಣಿನ ಗೋಡೆಯು ಕೊಡುವ ಉತ್ತರವೇ ಬೇರೆ.

1908ನೆಯ ಇಸವಿ ಸಪ್ಟಂಬರ ತಿಂಗಳ ಕೊನೆಯಲ್ಲಿ ಆ ಪ್ರಾಂತದ ಮೇಲೆ ಕಂಡುಕೇಳದ ಮಳೆಯು ಸುರಿಯಿತು. ನಗರಕ್ಕೆ ಸಮೀಪದ ಶಂಷಾಬಾದದಲ್ಲಿ 24 ಗಂಟೆಗಳೊಳಗೆ 12.8 ಅಂಗುಲ ಮಳೆಯಾಯಿತೆಂದು ಲೆಕ್ಕವಿದೆ. ಆದರೆ ಮಳೆಯೊಂದರಿಂದಲೇ ಅಷ್ಟು ಅನರ್ಥವಾಗುತ್ತಿರಲಿಲ್ಲ. ಮೂಸಿಯ ಜಲಾನಯನಪ್ರದೇಶದಲ್ಲಿ 788 ಕೆರೆಗಳಿದ್ದವು. ಚದರ ಮೈಲಿಗೆ ಸುಮಾರಾಗಿ ಒಂದು ಕೆರೆ. ಇವು ಹಿಂದಿನವರು ಬೇಸಾಯಕ್ಕಾಗಿ ಕಟ್ಟಿಸಿದ ಪುಣ್ಯಕಾರ್ಯಗಳು. ಅಂದಿನ ರಾತ್ರಿಯಲ್ಲಿ ಇವುಗಳ ಪೈಕಿ 221 ಕೆರೆಗಳ ಒಡ್ಡುಗಳು ಒಡೆದುಹೋದವು. ಮೇಲಿನ ಕೆರೆಯು ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗುವುದು, ಆ ಭಾರವನ್ನು ತಾಳಲಾರದೆ ಅದೂ ಒಡೆಯುವುದು. ಹೀಗೆ ಒಂದರ ಮೇಲೊಂದು ಕೆರೆಯ ನೀರು ಹೊರೆಯಾಗಿ ಕೂಡಿಕೊಂಡು ಪಟ್ಟಣದ ಮೇಲೆ ಬಂದಿತು. ಹರಿವು ಸೆಕೆಂಡಿಗೆ 4,25,000 ಘನ ಅಡಿಗಳಷ್ಟು ಇದ್ದಿತೆಂದು ತರುವಾಯ ವಿಶ್ವೇಶ್ವರಯ್ಯನವರು ಗಣಿಸಿದರು. ಕೆರೆಯನ್ನು ಕಟ್ಟಿಸುವುದು ಎಷ್ಟು ಪುಣ್ಯವೋ ಅದರ ಒಡ್ಡನ್ನೂ ಕೋಡಿಯನ್ನೂ ವರ್ಷವರ್ಷವೂ ನೋಡಿಕೊಳ್ಳುವುದು ಅಷ್ಟೇ ಪುಣ್ಯವೆಂಬುದನ್ನು ಇಲ್ಲಿ ಜ್ಞಾಪಕಕ್ಕೆ ತಂದುಕೊಂಡರೆ ಅಪ್ರಸ್ತುತವಾಗಲಾರದು. ಕಟ್ಟಿಸಿದವನ ಹೆಸರು ಶಾಸನದಲ್ಲಿ ಇರುವುದು, ಕಾಯ್ದವನ ಹೆಸರು ಎಲ್ಲಿಯೂ ಇರುವುದಿಲ್ಲ.

28ನೆಯ ತಾರೀಖು ಸೋಮವಾರ. ಬೆಳಗಿನ ಜಾವಕ್ಕೆ ಮುಂಚೆಯೇ ನೀರು ದಡವನ್ನು ಮೀರಿತು, ಜನರು ನಿದ್ರೆಯಲ್ಲಿದ್ದರು. ಪುರಾನಾಪುಲದ ಬಳಿಯ ಕೋಲ್ಸಾವಾಡಿಯೆಂಬ ತಗ್ಗಿನ ಮೊಹಲ್ಲೆಯು ಸಂಪೂರ್ಣವಾಗಿ ಕೊಚ್ಚಿಹೋಯಿತು. ಅಫ್ಜಲ್, ಮುಸಲ್ಲಮ್ ಜಂಗ್, ಚಾದರಘಾಟ ಎಂಬ ಮೂರು ಸೇತುವೆಗಳು ಒಡೆದವು. 1578ರಲ್ಲಿ ಕುತುಬಶಾಹಿಗಳು ಕಟ್ಟಿಸಿದ ಪುರಾನಾಪುಲ ಮಾತ್ರ ಪೆಟ್ಟನ್ನು ತಿಂದೂ ನಿಂತಿತು. ಅಫ್ಜಲಗಂಜದ ಆಸ್ಪತ್ರೆಯ ಆವರಣದಲ್ಲಿದ್ದ ಒಂದು ಹುಣಿಸೆಯ ಮರವನ್ನು ಹತ್ತಿ ಸುಮಾರು 150 ಮಂದಿ ಜೀವವನ್ನು ಉಳಿಸಿಕೊಂಡರು. ಆ ವೃಕ್ಷವನ್ನು ಇಂದಿಗೂ ಜನರು ಗೌರವದಿಂದ ತೋರಿಸುವರು. ಅಮ್ಜದ್ ಹೈದರಾಬಾದಿ ಎಂಬ ಉರ್ದು ಕವಿಯು ತಾಯಿ, ಹೆಂಡತಿ, ಮಗಳು ಈ ಮೂವರನ್ನೂ ಈ ಪ್ರವಾಹದಲ್ಲಿ ಕಳೆದುಕೊಂಡು ತಾನೊಬ್ಬನೇ ಬದುಕಿ ಉಳಿದನು. ಸತ್ತವರ ಸಂಖ್ಯೆಯನ್ನು ಹತ್ತರಿಂದ ಹದಿನೈದು ಸಾವಿರವೆಂದು ಹೇಳುವರು. ಬಿದ್ದ ಮನೆಗಳು ಸುಮಾರು 19,000; ನೆಲೆಗೆಟ್ಟವರು ಸುಮಾರು 80,000. ಉಪನಗರಗಳು ಸೇರಿ ಆ ಪಟ್ಟಣದ ಜನಸಂಖ್ಯೆಯು 1901ರ ಗಣತಿಯಲ್ಲಿ 4 ಲಕ್ಷ 48 ಸಾವಿರದಷ್ಟು ಇದ್ದುದರಿಂದ, ಐದಾರು ಮಂದಿಗೆ ಒಬ್ಬನು ಒಂದೇ ಹಗಲಿನಲ್ಲಿ ಮನೆಯಿಲ್ಲದವನಾದನು ಎಂದಂತಾಯಿತು.

ಆಗ ಪಟ್ಟದಲ್ಲಿದ್ದ ನಿಜಾಮರು ಮೀರ್ ಮಹಬೂಬ್ ಅಲಿಖಾನರು. ಅವರು ಜೋಯಿಸರ ಮಾತಿನಂತೆ ನದಿಗೆ ಪೂಜೆಯನ್ನು ಸಲ್ಲಿಸಿದರೆಂದು ಜನಜನಿತವಾದ ಕಥೆಯುಂಟು. ಅದು ಹೇಗೇ ಇರಲಿ, ತಮ್ಮ ಅರಮನೆಗಳ ಬಾಗಿಲುಗಳನ್ನು ನಿರಾಶ್ರಿತರಿಗಾಗಿ ತೆರೆಯಿಸಿದುದು ನಿಜ. ಪ್ರಧಾನಮಂತ್ರಿಗಳಾದ ಮಹಾರಾಜ ಕಿಷನ್ ಪ್ರಸಾದರ ಆಡಳಿತದಲ್ಲಿ ಪಟ್ಟಣದ ಬೇರೆಬೇರೆ ಕಡೆಗಳಲ್ಲಿ ಅನ್ನದ ಛತ್ರಗಳು ಏರ್ಪಟ್ಟವು. ಸರೋಜಿನೀ ನಾಯಿಡು ಅವರು ಪರಿಹಾರಕಾರ್ಯದಲ್ಲಿ ಶ್ರಮಿಸಿದರು. ಹಿಂದುಮುಸಲ್ಮಾನರೆಂಬ ಭೇದವಿಲ್ಲದೆ ಧನವಂತರು ಧಾನ್ಯವನ್ನೂ ವಸ್ತ್ರವನ್ನೂ ಕೊಟ್ಟರು. ಅಂಥ ಸಮಯದಲ್ಲಿ ಮನುಷ್ಯನ ಹೃದಯವು ಕರಗುವುದು ಸ್ವಾಭಾವಿಕ, ಮತ್ತು ಅದು ಅವನ ಭೂಷಣ.

ಆದರೆ ಅನ್ನದಾನಕ್ಕೂ ವಸತಿದಾನಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅನ್ನವು ಕೊಟ್ಟೊಡನೆ ಫಲಿಸುವುದು. ಕೊಟ್ಟವನಿಗೆ ಅಂದೇ ತೃಪ್ತಿ, ಉಂಡವನಿಗೆ ಅಂದೇ ಶಾಂತಿ. ಮನೆಗೆ ಮೊದಲು ನೆಲವು ಬೇಕು. ಆ ನೆಲವು ಯಾರದೆಂದು ತೀರ್ಮಾನವಾಗಬೇಕು. ನೀರು, ಗಟಾರ, ಹಾದಿ ಬೇಕು. ಕೆಲಸಕ್ಕೆ ಹೋಗುವ ಸ್ಥಳವು ಹತ್ತಿರವಿರಬೇಕು. ಕಟ್ಟುವುದಕ್ಕೆ ವರ್ಷಗಳು ಹಿಡಿಯುವುವು. ಕಟ್ಟಿದ ಮೇಲೂ ವರ್ಷಕ್ಕೊಮ್ಮೆ ದುರಸ್ತಿ. ಛತ್ರವು ಹದಿನೈದು ದಿವಸಗಳ ಕರುಣೆಯಿಂದ ನಡೆಯಬಲ್ಲದು. ವಸತಿಗೆ ವರ್ಷಾನುವರ್ಷ ತಪ್ಪದೆ ಬರುವ ಹಣವೂ, ಅದನ್ನು ನಿತ್ಯ ನೋಡಿಕೊಳ್ಳುವ ಒಂದು ಸ್ಥಳೀಯ ಸಂಸ್ಥೆಯೂ ಬೇಕು. ಹೈದರಾಬಾದದಲ್ಲಿ ಪ್ರವಾಹವು ಇಳಿದ ಮೇಲೆ ಈ ಎರಡನೆಯದು ಎಲ್ಲಿಯೂ ಇರಲಿಲ್ಲ.

ಪಟ್ಟಣಕ್ಕೆ ಮ್ಯುನಿಸಿಪಾಲಿಟಿಯು ಇಲ್ಲದಿರಲಿಲ್ಲ. ಒಂದನೆಯ ಸಾಲಾರಜಂಗರ ಕಾಲದಲ್ಲಿ, 1869ರಲ್ಲಿಯೇ ಅದು ಸ್ಥಾಪಿತವಾಗಿತ್ತು. ನದಿಯ ಉತ್ತರಕ್ಕೆ ಚಾದರಘಾಟಕ್ಕೆ ಪ್ರತ್ಯೇಕವಾದ ಮ್ಯುನಿಸಿಪಾಲಿಟಿಯೂ ಇತ್ತು. ಆದರೆ ಇವು ಚುನಾಯಿತರಾದ ಪ್ರತಿನಿಧಿಗಳ ಕೈಯಲ್ಲಿ ಇರದೆ ಸರಕಾರದ ಅಧಿಕಾರಿಗಳ ಕೈಯಲ್ಲಿದ್ದವು; ಕಸ, ದೀಪ, ಬೀದಿ ಇವುಗಳನ್ನು ನೋಡಿಕೊಳ್ಳುವುದರಲ್ಲಿಯೇ ಅವುಗಳ ಶಕ್ತಿಯು ಮುಗಿದುಹೋಗುತ್ತಿತ್ತು. ಮನೆಗಳು ನಿಂತಿದ್ದರೆ ಮನೆತೆರಿಗೆ. ಮನೆಗಳೇ ಬಿದ್ದ ಮೇಲೆ ಆ ತೆರಿಗೆಯು ಎಲ್ಲಿಯದು? ಯಾವ ವರ್ಷದಲ್ಲಿ ಸ್ಥಳಿಕ ಸಂಸ್ಥೆಗೆ ಹೆಚ್ಚಿನ ಹಣವು ಬೇಕೋ ಅದೇ ವರ್ಷದಲ್ಲಿ ಅದರ ಉತ್ಪನ್ನವು ಕುಗ್ಗುವುದೆಂಬ ಈ ವಿಪರೀತವು ಆ ಪಟ್ಟಣಕ್ಕೆ ಮಾತ್ರ ಇದ್ದುದಲ್ಲ. ನೆರೆಯು ಬಂದ ಊರುಗಳ ಪಂಚಾಯತಿಗಳೆಲ್ಲ ಇದನ್ನು ಅನುಭವದಿಂದ ಬಲ್ಲವು.

ಈ ಸ್ಥಿತಿಯಲ್ಲಿ ನಿಜಾಮ ಸರಕಾರವು ವಿಶ್ವೇಶ್ವರಯ್ಯನವರಿಗೆ ಕರೆಯನ್ನು ಕಳುಹಿತು. ಅವರು ಮುಂಬಯಿ ಸರಕಾರದ ಚಾಕರಿಯಿಂದ ನಿವೃತ್ತರಾಗಲು ನಿಶ್ಚಯಿಸಿ ಪರದೇಶಗಳ ಪ್ರವಾಸದಲ್ಲಿದ್ದರು. ಪ್ರವಾಸವನ್ನು ಮುಗಿಸಿಕೊಂಡು 1909ರ ಎಪ್ರಿಲ್ ತಿಂಗಳಲ್ಲಿ ಹೈದರಾಬಾದಕ್ಕೆ ಬಂದು, ಕೆರೆಗಳನ್ನೂ ನದಿಯ ಪಾತ್ರವನ್ನೂ ಮಳೆಯ ಲೆಕ್ಕಗಳನ್ನೂ ಪರಿಶೀಲಿಸಿ, ಅದೇ ವರ್ಷದ ಅಕ್ಟೋಬರದಲ್ಲಿ ವರದಿಯನ್ನು ಒಪ್ಪಿಸಿದರು. ನವೆಂಬರದಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಪದವಿಯನ್ನು ವಹಿಸಲು ಹೊರಟುಹೋದರು. ಆರೇಳು ತಿಂಗಳುಗಳ ಈ ಕೆಲಸದ ಸಾರವಿಷ್ಟು: ನಗರದ ಮೇಲ್ಗಡೆಯಲ್ಲಿ ಮೂಸಿಗೆ ಒಂದು, ಈಸಿಗೆ ಒಂದು ಹೀಗೆ ಎರಡು ದೊಡ್ಡ ಜಲಾಶಯಗಳನ್ನು ಕಟ್ಟಿ ಪ್ರವಾಹದ ನೀರನ್ನು ಅಲ್ಲಿಯೇ ತಡೆಯತಕ್ಕದ್ದು, ನಗರದೊಳಗೆ ನದಿಯ ದಡಗಳನ್ನು ಎತ್ತರಿಸಿ ಅವುಗಳ ಮೇಲೆ ಉದ್ಯಾನಗಳನ್ನೂ ಸಂಚಾರದ ಹಾದಿಗಳನ್ನೂ ಮಾಡತಕ್ಕದ್ದು, ಪಟ್ಟಣಕ್ಕೆ ಒಳಚರಂಡಿಯ ವ್ಯವಸ್ಥೆಯನ್ನು ಕಲ್ಪಿಸತಕ್ಕದ್ದು. ಜಲಾಶಯಗಳೇನೋ ಆದವು. ಮೂಸಿಯ ಮೇಲಣ ಉಸ್ಮಾನ್ ಸಾಗರವು 1920ರಲ್ಲಿಯೂ, ಈಸಿಯ ಮೇಲಣ ಹಿಮಾಯತ್ ಸಾಗರವು 1927ರಲ್ಲಿಯೂ ಪೂರ್ಣವಾದವು. ಅವು ನೆರೆಯನ್ನು ತಡೆದುದಲ್ಲದೆ ಬಹುಕಾಲ ಆ ಮಹಾನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ದಡಗಳ ವಿಚಾರವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕಾಗಿದೆ. ನೀರು ಬರುವ ತಗ್ಗಿನಲ್ಲಿ ಪುನಃ ಮನೆಗಳನ್ನು ಕಟ್ಟಗೊಡಬಾರದೆಂಬುದು ಯುಕ್ತವಾದ ಮಾತೇ. ಇಂಜಿನಿಯರನಾದವನು ಬೇರೆ ರೀತಿಯಾಗಿ ಹೇಳಲಾರನು. ಆ ಪ್ರಕಾರ ತೀರವು ತೆರವಾಯಿತು. ತೆರವಾದ ತೀರದಲ್ಲಿ ಕಾಲಕ್ರಮದಲ್ಲಿ ಎದ್ದುನಿಂತವು ಯಾವುವು? 1920ರಲ್ಲಿ ಪ್ರಾರಂಭೋತ್ಸವವಾದ ಹೈಕೋರ್ಟು, 1925ರ ಸುಮಾರಿಗೆ ಮುಗಿದ ಉಸ್ಮಾನಿಯಾ ಆಸ್ಪತ್ರೆ, ಈಗ ಸಿಟಿ ಕಾಲೇಜೆಂದು ಹೆಸರಾದ ವಿದ್ಯಾಶಾಲೆ. ಇವು ನೋಡುವವರ ಕಣ್ಣನ್ನು ಸೆಳೆಯುವ ಭವ್ಯವಾದ ಸೌಧಗಳು, ಲೋಕೋಪಕಾರಿಗಳು, ಇದರಲ್ಲಿ ಎರಡು ಮಾತಿಲ್ಲ. ಆದರೂ ಬಡವನ ಜೋಪಡಿಗೆ ಅಪಾಯಕರವೆಂದು ಬಿಡಿಸಿದ ತೀರವು ಅರಸನ ಸೌಧಕ್ಕೆ ಯೋಗ್ಯವಾಯಿತೆಂಬುದು ಇತಿಹಾಸದ ಸಂಗತಿ. ದಡವನ್ನು ಎತ್ತರಿಸಿದ್ದರಿಂದ ಅದು ಯೋಗ್ಯವಾಯಿತು ಎಂದು ಸಮಾಧಾನವನ್ನು ಹೇಳಬಹುದು. ಹಾಗಾದರೆ ಎತ್ತರಿಸಿದ ದಡದಲ್ಲಿ ಮೊದಲಿದ್ದವರಿಗೂ ಒಂದು ಮೂಲೆಯನ್ನು ಕಾದಿಡಬಹುದಾಗಿತ್ತಲ್ಲವೆ ಎಂಬ ಪ್ರಶ್ನೆಯು ಉಳಿದೇ ಉಳಿಯುವುದು.

ಮಹಬೂಬ್ ಅಲಿಖಾನರು 1911ರ ಆಗಸ್ಟಿನಲ್ಲಿ ತೀರಿಕೊಂಡರು. ಮೀರ್ ಉಸ್ಮಾನ್ ಅಲಿಖಾನರು ಪಟ್ಟಕ್ಕೆ ಬಂದರು. ಅದೇ ವರ್ಷ ಪಟ್ಟಣದಲ್ಲಿ ಪ್ಲೇಗು ಕಾಣಿಸಿತು. ನೆರೆಯಿಂದ ನೆಲೆಗೆಟ್ಟವರು ಇಕ್ಕಟ್ಟಾದ ಮೊಹಲ್ಲೆಗಳಲ್ಲಿ ತುಂಬಿಕೊಂಡಿದ್ದ ಕಾಲದಲ್ಲಿ ಬೇನೆಯೂ ಬಂದೊಡನೆ, ವಸತಿಯ ಪ್ರಶ್ನೆಯನ್ನು ಇನ್ನು ಮುಂದೂಡುವಂತಿರಲಿಲ್ಲ. ಆಗ, 1912ರಲ್ಲಿ, ನಗರ ಸುಧಾರಣಾ ಮಂಡಳಿಯೆಂಬ ಹೊಸ ಸಂಸ್ಥೆಯು ಹುಟ್ಟಿತು. ಸರಕಾರಿ ಭಾಷೆಯಾದ ಉರ್ದುವಿನಲ್ಲಿ ಅದಕ್ಕೆ ಆರಾಯಿಷ್-ಎ-ಬಲ್ದಾ ಎಂದು ಹೆಸರು. ಪಟ್ಟಣದ ಅಲಂಕಾರವೆಂದು ಅದರ ಅರ್ಥ. ಹೆಸರಿನಲ್ಲಿ ಅಲಂಕಾರವಿದ್ದರೂ ಅದರ ಕರ್ತವ್ಯಗಳಲ್ಲಿ ಕೊಳಚೆಯ ಕೇರಿಗಳನ್ನು ತೆಗೆದುಹಾಕುವುದು, ಬೀದಿಗಳನ್ನು ಅಗಲಿಸುವುದು, ತೆಗೆದ ಕೇರಿಗಳ ಬದಲು ಗಾಳಿಬೆಳಕುಗಳುಳ್ಳ ಮನೆಗಳನ್ನು ಕಟ್ಟಿಸುವುದು ಇವು ಸೇರಿದ್ದವು.

ಇಂಥ ಸಂಸ್ಥೆಯು ಹಿಂದುಸ್ಥಾನಕ್ಕೆ ತೀರ ಹೊಸದಾಗಿರಲಿಲ್ಲ. ಮುಂಬಯಿಯಲ್ಲಿ 1896ರ ಪ್ಲೇಗಿನ ತರುವಾಯ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಸ್ಥಾಪನೆಯಾಗಿತ್ತು. ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಬಸವನಗುಡಿ, ಮಲ್ಲೇಶ್ವರಗಳೆಂಬ ಬಡಾವಣೆಗಳು ಎದ್ದಿದ್ದವು. ಮೈಸೂರು ನಗರಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1903ರಲ್ಲಿ ಸುಧಾರಣಾ ಮಂಡಳಿಯಾಗಿತ್ತು. ಆದರೆ ಅವು ಪ್ಲೇಗಿನ ಮಕ್ಕಳು. ಹೈದರಾಬಾದದ ಮಂಡಳಿಯ ಹಿಂದೆ ಪ್ಲೇಗಿನೊಡನೆ ನೆರೆಯೂ ಇತ್ತೆಂಬುದು ವಿಶೇಷ. ಹಣದ ರೀತಿಯಲ್ಲಿಯೂ ಭೇದವಿತ್ತು. ಮುಂಬಯಿಯ ಟ್ರಸ್ಟು ಮ್ಯುನಿಸಿಪಾಲಿಟಿಯು ಕೊಡುವ ಪಾಲಿನಿಂದಲೂ ಸಾಲಪತ್ರಗಳಿಂದಲೂ ನಡೆಯತಕ್ಕದ್ದಾಗಿತ್ತು. ಸಾಲವು ತೀರಬೇಕಾದುದರಿಂದ ಲಾಭದ ಕಡೆಗೆ ಅದು ನೋಡಲೇಬೇಕಾಗಿತ್ತು, ಮತ್ತು ಕಟ್ಟಿದ್ದಕ್ಕಿಂತಲೂ ಕೆಡವಿದ್ದೇ ಹೆಚ್ಚೆಂಬ ದೂರು ಅದಕ್ಕೆ ತಪ್ಪಲಿಲ್ಲ. ಹೈದರಾಬಾದದ ಮಂಡಳಿಗೆ ಸಂಸ್ಥಾನದ ಬೊಕ್ಕಸದಿಂದಲೇ ವಾರ್ಷಿಕವಾದ ಅನುದಾನವು ಬರುತ್ತಿತ್ತು. ಆದುದರಿಂದ ಬಾಡಿಗೆಯಿಂದ ಪೂರ್ತಿ ಬಂಡವಾಳವನ್ನು ಎತ್ತಬೇಕೆಂಬ ಬಲಾತ್ಕಾರವು ಅದಕ್ಕೆ ಅಷ್ಟಾಗಿ ಇರಲಿಲ್ಲ. ಬಡವರ ವಸತಿಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ. ಹಣವು ಯಾವ ದಾರಿಯಿಂದ ಬರುವುದೋ ಅದರ ಮೇಲೆಯೇ ಮನೆಯು ಯಾರಿಗೆ ಸಿಕ್ಕುವುದೆಂಬುದು ನಿಲ್ಲುವುದು.

ಮಂಡಳಿಯು ನಾಂಪಲ್ಲಿ, ಮುಘಲ್‌ಪುರ, ಸುಲ್ತಾನ್ ಶಾಹಿ ಮೊದಲಾದ ಎಡೆಗಳಲ್ಲಿ ಕೆಲಸವನ್ನು ನಡೆಸಿತು. ವಾಸಿಸುವವರ ಉತ್ಪನ್ನಕ್ಕೆ ತಕ್ಕಂತೆ ದರ್ಜೆಗಳನ್ನು ಮಾಡಿ ಮನೆಗಳನ್ನು ಸಾಲುಸಾಲಾಗಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿತು. ಕೆಳದರ್ಜೆಯ ಮನೆಗಳು ಚಿಕ್ಕವಾದರೂ ಕಲ್ಲುಗಾರೆಯವು; ನೀರು ತಾಗಿದೊಡನೆ ಕರಗಿಹೋಗುವ ಮಣ್ಣಿನ ಗೋಡೆಗಳಲ್ಲ. ಇದರ ಜೊತೆಗೆ ಪತ್ಥರಗಟ್ಟಿಯ ಕಲ್ಲಿನ ಅಂಗಡಿಸಾಲು, 1935ರ ಮುಅಜ್ಜಮ್ ಜಾಹಿ ಮಾರುಕಟ್ಟೆ ಮುಂತಾದ ದೊಡ್ಡ ಕಟ್ಟಡಗಳೂ ಅದರ ಕೈಯಿಂದಲೇ ಆದವು. ಹೊರಗಿನಿಂದ ಬಂದವರು ಹೊಗಳುತ್ತಿದ್ದುದು ಈ ಎರಡನೆಯ ಬಗೆಯ ಕೆಲಸವನ್ನೇ.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳುವುದು ಇತಿಹಾಸಕ್ಕೆ ಧರ್ಮ. ಮೊದಲನೆಯದಾಗಿ, ನೆರೆಯು ಬಂದುದು 1908ರಲ್ಲಿ, ಮಂಡಳಿಯು ಹುಟ್ಟಿದುದು 1912ರಲ್ಲಿ. ನಡುವಣ ನಾಲ್ಕು ಮಳೆಗಾಲಗಳನ್ನು ಮನೆಯಿಲ್ಲದ ಕುಟುಂಬವು ಬಯಲಿನಲ್ಲಿ ಕುಳಿತು ಕಾಯುವುದಿಲ್ಲ. ಅವರು ನೆಂಟರ ಮನೆಯ ಪಡಸಾಲೆಯಲ್ಲಿಯೋ, ಬೇರೆ ಕೇರಿಯ ಇಕ್ಕಟ್ಟಿನಲ್ಲಿಯೋ, ಇಲ್ಲವೆ ಪಟ್ಟಣವನ್ನೇ ಬಿಟ್ಟು ಹಳ್ಳಿಯಲ್ಲಿಯೋ ತಮ್ಮ ದಾರಿಯನ್ನು ತಾವು ಕಂಡುಕೊಳ್ಳುವರು. ಆದ್ದರಿಂದ ಮಂಡಳಿಯ ಮನೆಗಳನ್ನು ಸೇರಿದವರೆಲ್ಲರೂ ನೆರೆಯಲ್ಲಿ ನೊಂದವರೇ ಎಂದು ಭಾವಿಸಕೂಡದು. ಮೂಸಿಯ ನೆರೆಯು ಮಂಡಳಿಯನ್ನು ಹುಟ್ಟಿಸಿತು, ಆದರೆ ಮಂಡಳಿಯ ಫಲವು ಅದೇ ಸಂತ್ರಸ್ತನಿಗೇ ಸಂದಿತೆಂದು ಹೇಳಲಾಗದು. ಎರಡನೆಯದಾಗಿ, ಬಾಡಿಗೆಯು ಎಷ್ಟೇ ಅಲ್ಪವಾಗಿರಲಿ, ತಿಂಗಳು ತಿಂಗಳು ನಿಶ್ಚಿತವಾಗಿ ಕೊಡುವುದು ಸಂಬಳದವನಿಗೆ ಸುಲಭ, ದಿನಗೂಲಿಯವನಿಗೆ ಕಷ್ಟ. ದಿನಗೂಲಿಯವನಿಗೆ ಕೆಲಸವಿದ್ದ ದಿನ ಕಾಸು, ಇಲ್ಲದ ದಿನ ಇಲ್ಲ. ಮನೆಯನ್ನು ಸರಕಾರವು ಕಟ್ಟಿದರೂ ಅದರ ಹೊಸ್ತಿಲು ಅತ್ಯಂತ ಬಡವನ ಪಾಲಿಗೆ ಎತ್ತರವಾಗಿಯೇ ಉಳಿಯುವುದು ಈ ಕಾರಣದಿಂದ. ಮೂರನೆಯ ಮಾತು ಕನ್ನಡ ಜಿಲ್ಲೆಗಳಿಗೆ ನೇರವಾಗಿ ಸಂಬಂಧಿಸಿದುದು. ಅನುದಾನವು ಸಂಸ್ಥಾನದ ಬೊಕ್ಕಸದ್ದು. ಬೊಕ್ಕಸದ ಉತ್ಪನ್ನದಲ್ಲಿ ಭೂಕಂದಾಯವೇ ಮುಖ್ಯ. ಕಂದಾಯವನ್ನು ಕೊಟ್ಟವರು ಜಿಲ್ಲೆಗಳ ರೈತರು. ರಾಜಧಾನಿಯ ಬಡವನಿಗೆ ರಾಯಚೂರಿನ ಬಡವನು ಮನೆಯನ್ನು ಕಟ್ಟಿಸಿಕೊಟ್ಟನೆಂದರೆ ಅತಿಶಯೋಕ್ತಿಯಾಗದು. ಅದರಲ್ಲಿ ತಪ್ಪೇನೂ ಇಲ್ಲ, ಅದು ದಾಸೋಹದ ತತ್ತ್ವಕ್ಕೆ ಒಪ್ಪುವುದೇ. ಆದರೆ ಕೃಷ್ಣೆಯೂ ಭೀಮೆಯೂ ಉಕ್ಕಿದಾಗ ಆ ರೈತನ ಊರಿಗೂ ಅಂಥದೊಂದು ಮಂಡಳಿಯು ಇತ್ತೆ ಎಂದು ಕೇಳಿದರೆ ಉತ್ತರವಿಲ್ಲ.

ಚುನಾಯಿತ ಪ್ರತಿನಿಧಿಗಳುಳ್ಳ ಕಾರ್ಪೊರೇಶನ್ನಿನ ಕಾಯದೆಯು ಹೈದರಾಬಾದಕ್ಕೆ ಬಂದುದು 1933ರಲ್ಲಿ. ಆಗಲೂ ಸುಧಾರಣಾ ಮಂಡಳಿಯು ಬೇರೆಯಾಗಿಯೇ ಉಳಿಯಿತು. ಮನೆ ಕಟ್ಟುವವರು ಒಬ್ಬರು, ಆ ಮನೆಗಳ ಬೀದಿಗೆ ದೀಪವನ್ನಿಡುವವರು ಇನ್ನೊಬ್ಬರು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಭಾಷಾವಾರು ಪ್ರಾಂತಗಳಾಗಿ, 1960ರಲ್ಲಿ ಮಂಡಳಿಯು ಆಂಧ್ರಪ್ರದೇಶದ ಗೃಹನಿರ್ಮಾಣ ಮಂಡಳಿಯಲ್ಲಿ ಲೀನವಾಯಿತು. ನೆರೆಯ ಸ್ಮರಣೆಯಿಂದ ಹುಟ್ಟಿದ ಸಂಸ್ಥೆಯೊಂದು ಸಾಮಾನ್ಯವಾದ ಮನೆಕಟ್ಟುವ ಇಲಾಖೆಯಾಗಿ ಮಾರ್ಪಟ್ಟುದು ಹೀಗೆ.

ಕನ್ನಡನಾಡಿನ ಪಾಲಿಗೆ ಆ ಪ್ರಶ್ನೆಯು ಪೂರ್ಣಸ್ವರೂಪದಲ್ಲಿ ಎದುರಾದುದು 2009ರಲ್ಲಿ. ಸಪ್ಟಂಬರದ ಕೊನೆ ಮತ್ತು ಅಕ್ಟೋಬರದ ಮೊದಲ ದಿನಗಳ ಮಳೆಯಿಂದ ಉತ್ತರ ಕರ್ನಾಟಕದ ನದಿಗಳೂ ಹಳ್ಳಗಳೂ ಏಕಕಾಲಕ್ಕೆ ಉಕ್ಕಿದವು. ಇನ್ನೂರಕ್ಕೂ ಮೇಲ್ಪಟ್ಟು ಜನರು ಮಡಿದರು. ಎರೆಸೀಮೆಯ ಮಣ್ಣಿನ ಮಾಳಿಗೆಯ ಮನೆಗಳು ನೆನೆನೆನೆದು ಕುಸಿದವು. ಮಠಗಳೂ ಶಾಲೆಗಳೂ ಗಂಜಿಯ ಕೇಂದ್ರಗಳಾದವು. ಅನ್ನಕ್ಕೆ ಆಗಲೂ ಕೊರತೆಯಾಗಲಿಲ್ಲ. ಮನೆಗಳಿಗಾಗಿ ರಾಜ್ಯ ಸರಕಾರವು ಆಸರೆಯೆಂಬ ಯೋಜನೆಯನ್ನು ಹೂಡಿ, ನೆಲವನ್ನು ತಾನು ಒದಗಿಸಿ, ಕಟ್ಟಡಕ್ಕೆ ದಾನಿಗಳ ನೆರವನ್ನು ಕೋರಿತು. ಉದ್ಯಮಿಗಳೂ ಧರ್ಮಸಂಸ್ಥೆಗಳೂ ಮುಂದೆ ಬಂದರು. ಎಷ್ಟೋ ಕುಟುಂಬಗಳು ಅದರಿಂದ ಬದುಕಿದವು. ಆದರೆ ಕೆಲವು ಹೊಸ ಊರುಗಳಲ್ಲಿ ಮನೆಗಳು ಬಾಗಿಲು ಮುಚ್ಚಿಕೊಂಡೇ ಉಳಿದವು. ಹೊಲವು ದೂರ, ಎತ್ತುಗಳಿಗೆ ಗೋದಲೆಯಿಲ್ಲ, ಬಣವೆಗೆ ಹಿತ್ತಲಿಲ್ಲ, ಕಾಳನ್ನು ಇಡಲು ಹಗೇವು ಇಲ್ಲ. ಒಕ್ಕಲುತನದವನಿಗೆ ಮನೆಯೆಂದರೆ ನಾಲ್ಕು ಗೋಡೆಯಲ್ಲವೆಂಬುದನ್ನು ನಕಾಶೆಯನ್ನು ಬರೆದವರು ಕೇಳಿ ತಿಳಿಯಲಿಲ್ಲ. ಊರಿನ ಪಂಚಾಯತಿಯನ್ನು ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತಿತ್ತು.

2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಮತ್ತೆ ಉಕ್ಕಿದಾಗ ರೀತಿಯು ಬದಲಾಯಿತು. ಪೂರ್ತಿಯಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳೆಂದು ಗೊತ್ತುಮಾಡಿ, ಅದನ್ನು ಯಜಮಾನನ ಖಾತೆಗೇ ಕಂತುಕಂತಾಗಿ, ಅಡಿಪಾಯವಾದ ಮೇಲೆ ಇಷ್ಟು, ಗೋಡೆಯೆದ್ದ ಮೇಲೆ ಇಷ್ಟು ಎಂದು ಕೊಡುವ ಕ್ರಮವಾಯಿತು. ಕಟ್ಟುವವನು ವಾಸಿಸುವವನೇ ಆದುದರಿಂದ ಇದು ಹಿಂದಿನ ಕ್ರಮಕ್ಕಿಂತ ಮೇಲಾದುದೇ ಸರಿ. ಆದರೂ ಅಡಿಪಾಯಕ್ಕೇ ಕೈಯಲ್ಲಿ ಹಣವಿಲ್ಲದವನು ಮೊದಲನೆಯ ಹಂತವನ್ನು ದಾಟುವುದು ಹೇಗೆಂಬ ತೊಡಕು ಇದರಲ್ಲಿ ಉಂಟು. ಹಕ್ಕುಪತ್ರವಿಲ್ಲದ ಮನೆಯವನ ಪಾಡು ಇನ್ನೂ ತೊಡಕಿನದು. ಮೂಸಿಯ ತೀರದ ದಿನಗೂಲಿಯವನ ಹೊಸ್ತಿಲೇ ಇದು, ಬೇರೆಯ ರೂಪದಲ್ಲಿ.

ಹೈದರಾಬಾದದಲ್ಲಾದರೋ ಎರಡು ಜಲಾಶಯಗಳ ಭರವಸೆಯಿಂದ ಜನರು ಪುನಃ ನದಿಯ ತಗ್ಗಿಗೆ ಇಳಿದರು. ಮೇಲಿದ್ದ ಕೆರೆಗಳ ಪೈಕಿ ಎಷ್ಟೋ ಕೆರೆಗಳ ಅಂಗಳಗಳಲ್ಲಿ ಬಡಾವಣೆಗಳು ಎದ್ದವು. ಅದರಿಂದ 2000ನೆಯ ಇಸವಿಯ ಆಗಸ್ಟ 24ರಂದು ಒಂದೇ ದಿನದಲ್ಲಿ 241.5 ಮಿಲಿಮೀಟರ್ ಮಳೆಯು ಬಿದ್ದಾಗಲೂ, 2020ರ ಅಕ್ಟೋಬರ 13ರಂದು 191.8 ಮಿಲಿಮೀಟರ್ ಬಿದ್ದಾಗಲೂ, ನದಿಯಿಂದ ದೂರವಿದ್ದ ಮನೆಗಳೊಳಗೂ ನೀರು ನುಗ್ಗಿತು. ಕೆರೆಯು ತನ್ನ ಸ್ಥಳವನ್ನು ಮರೆಯುವುದಿಲ್ಲ. 2020ರಲ್ಲಿ ತೆಲಂಗಾಣ ಸರಕಾರವು ಪೌರಾಡಳಿತ ಇಲಾಖೆಗೆ 550 ಕೋಟಿ ರೂಪಾಯಿಗಳನ್ನು ಬಿಡುಗಡೆ ಮಾಡಿ, ನೆರೆಪೀಡಿತವಾದ ಪ್ರತಿಯೊಂದು ಮನೆತನಕ್ಕೆ 10,000, ಪೂರ್ತಿ ಬಿದ್ದ ಮನೆಗೆ 1 ಲಕ್ಷ, ಅರೆಬಿದ್ದ ಮನೆಗೆ 50,000 ರೂಪಾಯಿಗಳೆಂದು ಸಾರಿತು. ಹಂಚಿಕೆಯು ನಡೆದಿರುವಾಗಲೇ ನಗರಪಾಲಿಕೆಯ ಚುನಾವಣೆಯು ಘೋಷಿತವಾದುದರಿಂದ, ನವೆಂಬರ 18ರಂದು ರಾಜ್ಯ ಚುನಾವಣಾ ಆಯೋಗವು ಅದನ್ನು ತಡೆಯಿತು. ತಡೆದುದು ನಿಯಮಕ್ಕೆ ಅನುಗುಣವಾಗಿಯೇ ಇರಬಹುದು. ಆದರೆ ಸಾಲಿನಲ್ಲಿ ನಿಂತಿದ್ದವನು ಬರಿಗೈಯಲ್ಲಿ ಮನೆಗೆ ಹೋದನು. ಒಂದು ಮಳೆಗಾಲಕ್ಕೆ ಒಂದು ಘೋಷಣೆಯೆಂಬ ಈ ಪದ್ಧತಿಯೊಡನೆ 1912ರ ವಾರ್ಷಿಕ ಅನುದಾನದ ಪದ್ಧತಿಯನ್ನು ಹೋಲಿಸಿ ನೋಡಿದರೆ, ಅರಸೊತ್ತಿಗೆಯ ಕಾಲದ ಆ ಮಂಡಳಿಯು ತನ್ನ ಕೊರತೆಗಳೊಡನೆಯೂ ಯಾವ ವಿಷಯದಲ್ಲಿ ಮೇಲಾಗಿತ್ತೆಂಬುದು ವಾಚಕರಿಗೆ ಸ್ಪಷ್ಟವಾಗದಿರದು.

2024ರಲ್ಲಿ ಮೂಸಿಯ ತೀರವನ್ನು ಮತ್ತೊಮ್ಮೆ ಸುಂದರಗೊಳಿಸುವ ಯೋಜನೆಯು ಹೊರಟಿತು. ನದಿಯ ಪಾತ್ರದಲ್ಲಿದ್ದ ಮನೆಗಳ ಮೇಲೆ ಅಧಿಕಾರಿಗಳು ಕೆಂಪು ಗುರುತುಗಳನ್ನು ಬರೆದರು. ಕೆಲವು ಕುಟುಂಬಗಳು ಸರಕಾರವು ಕಟ್ಟಿಸಿದ್ದ ಎರಡು ಕೋಣೆಗಳ ಬಹುಮಹಡಿ ಮನೆಗಳಿಗೆ ಹೋದವು. ಕೆಲವರು ಹೋಗಲೊಲ್ಲದೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದರು. ಅವರು ಮೊರೆಯಿಟ್ಟ ಆ ಹೈಕೋರ್ಟು 1908ರ ನೆರೆಯ ತರುವಾಯ ಅದೇ ನದಿಯ ತೆರವಾದ ದಡದ ಮೇಲೆ ಎದ್ದುದೇ ಆಗಿತ್ತು. 2025ರ ಸಪ್ಟಂಬರ ತಿಂಗಳ ಕೊನೆಯ ವಾರದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಬಾಗಿಲುಗಳನ್ನು ತೆರೆಯಬೇಕಾಗಿ ಬಂದು, ಗೌಲಿಗುಡದ ದೊಡ್ಡ ಬಸ್ ನಿಲ್ದಾಣಕ್ಕೂ ಚಾದರಘಾಟದ ಬಳಿಯ ಮೂಸಾನಗರಕ್ಕೂ ನೀರು ನುಗ್ಗಿತು. ತಗ್ಗಿನಲ್ಲಿ ಇನ್ನೂ ಉಳಿದಿದ್ದ ಜನರನ್ನು ರಾತ್ರಿಯಲ್ಲಿಯೇ ಎಬ್ಬಿಸಿ ಎತ್ತರದ ಸ್ಥಳಗಳಿಗೆ ಸಾಗಿಸಲಾಯಿತು.